ಅತ್ತೆ ತಟ್ಟಿದ ಓವನ್ ರೊಟ್ಟಿ

ನಮ್ಮ ಮನೆಯ ಓವನ್ ಏಳೆಂಟು ವರ್ಷ ಬೀರುವಿನ ಕೆಲಸ ಮಾಡಿತು. ಶಾವಿಗೆ ಪೊಟ್ಟಣ, ಒಣಮೆಣಸಿನಕಾಯಿ, ಹಬ್ಬಕ್ಕೆ ಮಾತ್ರ ಹೊರಗೆ ಬರುವ ಏಲಕ್ಕಿ ಡಬ್ಬ, ಎಲ್ಲ ಅದರೊಳಗೇ ಇರುತ್ತಿದ್ದವು. ದುಂಡನೆಯ ಅಲ್ಯೂಮಿನಿಯಂ ಪಾತ್ರೆ, ಮೇಲೊಂದು ಮುಚ್ಚಳ, ಮುಚ್ಚಳದ ನಡುವೆ ಒಳಗೆ ಇಣುಕಲು ಅಂಗೈಯಗಲದ ಗಾಜು, ಆ ಗಾಜಿನ ಸುತ್ತ ಒಳಗಡೆ ಕೆಂಪಗೆ ಕಾಯುವ ಸುರುಳಿ. ತೊಂಬತ್ತರ ದಶಕದಲ್ಲಿ ಕೇಕ್ ಕ್ಲಾಸಿಗೆ ಹೋದ ಹೆಂಗಸರ ಮನೆಯಲ್ಲೆಲ್ಲ ಇಂಥದ್ದೊಂದು ಇತ್ತು. ಅಡುಗೆಮನೆಯಲ್ಲಿ ಇಲಿ ನುಗ್ಗದ ಜಾಗ ಅದೊಂದೇ ಆದ್ದರಿಂದ ಅದನ್ನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದೆ.

ಕ್ಲಾಸ್ ನಡೆಯುತ್ತಿದ್ದುದು ತುಮಕೂರಿನ ಶಿರಾ ಗೇಟ್ ಹತ್ತಿರ, ಒಬ್ಬ ಮೇಡಂ ಅವರ ಮನೆಯ ಹಜಾರದಲ್ಲಿ. ನನಗೆ ಮದುವೆಯಾದ ಹೊಸತು. ಕುಣಿಗಲ್ಲಿನವಳು, ಡಿಗ್ರಿ ಓದಿದವಳು, ಆಫೀಸಿನಲ್ಲಿ ಟೈಪಿಸ್ಟ್, ಸಾಲದ್ದಕ್ಕೆ ಸ್ವಲ್ಪ ಜಂಬ ಬೇರೆ. ನಾಲ್ಕು ಭಾನುವಾರ ಕೇಕು, ಬಿಸ್ಕತ್ತು ಹೇಳಿಕೊಟ್ಟು ಐದನೆಯ ಭಾನುವಾರ ಮೇಡಂ ನಾನ್ ಮಾಡಿ ತೋರಿಸಿದರು. ಅವರದು ಮೆತ್ತಗೆ ಉಬ್ಬಿ ಬಂತು. ಬಟವಾಡಿಯ ನಮ್ಮ ಬಾಡಿಗೆ ಮನೆಯಲ್ಲಿ ಅದನ್ನೇ ನಾನು ಮಾಡಿದಾಗ ಚಪ್ಪಲಿಯ ಅಟ್ಟೆಯಂತೆ ಆಯಿತು. ಅವತ್ತು ಊರಿಂದ ಅತ್ತೆ ಬಂದಿದ್ದರು. ಒಂದನ್ನು ಕೈಗೆತ್ತಿಕೊಂಡು ನೆಲಕ್ಕೆ ಟಕಟಕ ಕುಟ್ಟಿ ನೋಡಿದರು.

“ಇದು ತಿನ್ನಾಕಾ, ಇಲ್ಲ ಬಾಗ್ಲು ಹೊಡ್ಕಳ್ದಂಗೆ ಸಂದಿಗೆ ಇಕ್ಕಾಕಾ?”

ಅವರ ಮಗ ಬಿದ್ದು ಬಿದ್ದು ನಕ್ಕ. ನಮ್ಮ ಯಜಮಾನರ ಆ ನಗುವನ್ನು ನಾನು ವರ್ಷಗಟ್ಟಲೆ ಕ್ಷಮಿಸಲಿಲ್ಲ. ಜೊತೆಗೆ ಓವನ್ ಹಾಕಿದಾಗಲೆಲ್ಲ ಕೆಳಗಿನ ಮನೆಯ ಓನರಮ್ಮನ ಟೀವಿಯಲ್ಲಿ ಚಿತ್ರ ಕುಗ್ಗುತ್ತಿತ್ತು. ಅವರು ಮೆಟ್ಟಿಲ ಬುಡಕ್ಕೆ ಬಂದು ಕೂಗುತ್ತಿದ್ದರು. ಇಷ್ಟೆಲ್ಲ ಆದಮೇಲೆ ಮುಚ್ಚಳ ಮುಚ್ಚಿ, ಒಳಗೆ ಶಾವಿಗೆ ಇಟ್ಟುಬಿಟ್ಟೆ.

ಅತ್ತೆಯ ಊರು ಗುಬ್ಬಿಯಿಂದ ಒಳಗೆ, ಬಸ್ಸಿಳಿದು ಸ್ವಲ್ಪ ನಡೆಯಬೇಕು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ. ನಮ್ಮ ಮದುವೆಗೆ ಮುಂಚೆಯೇ ಮಾವ ತೀರಿಹೋಗಿದ್ದರು. ತೋಟವನ್ನೆಲ್ಲ ಅತ್ತೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಕೆಲಸದವರು ಎಷ್ಟು ಜನ ಬಂದರೂ ಅವರ ಊಟ ಅತ್ತೆಯ ಕೈಯಿಂದಲೇ ಆಗಬೇಕು. ರೊಟ್ಟಿಯ ವಿಷಯದಲ್ಲಂತೂ ಅವರಿಗೆ ಜಂಬ ನನ್ನ ಡಿಗ್ರಿಗಿಂತ ಜಾಸ್ತಿ. ಒಲೆಯ ಮೇಲೆ ಕಾದ ತವೆಗೇ ರಾಗಿ ಹಿಟ್ಟಿನ ಉಂಡೆ ಇಟ್ಟು, ಕೈಯನ್ನು ನೀರಿಗೆ ಅದ್ದಿ ಅದ್ದಿ ತಟ್ಟುತ್ತಿದ್ದರು. ಆ ಬಿಸಿಗೆ ನಮ್ಮ ಕೈ ಹತ್ತಿರ ಹೋಗಲೂ ಆಗುತ್ತಿರಲಿಲ್ಲ. ನಾನು ನಮ್ಮಮ್ಮನ ಹಾಗೆ ತವೆಯನ್ನು ನಲ್ಲಿಯ ಕೆಳಗೆ ಹಿಡಿದು, ತಣ್ಣಗೆ ಮಾಡಿಕೊಂಡು ತಟ್ಟುವವಳು. ಅತ್ತೆ ಅದನ್ನು ನೋಡಿ ಮೂಗು ಮುರಿಯುತ್ತಿದ್ದರು.

“ಕುಣಿಗಲ್ ಕಡೆಯೋರು ತವಾಗೂ ಸ್ನಾನ ಮಾಡಿಸ್ತಾರೆ ಬುಡು,” ಅನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ಆಚೀಚೆ, ಒಂದು ಬೆಳಗ್ಗೆ ಅವರಿಗೆ ಲಕ್ವ ಹೊಡೆಯಿತು. ಬಲಭಾಗ. ಪಕ್ಕದೂರಿನಲ್ಲಿದ್ದ ಅವರ ತಮ್ಮ ವ್ಯಾನ್ ಮಾಡಿಸಿ ತುಮಕೂರಿಗೆ ಕರೆತಂದರು. ಆಸ್ಪತ್ರೆ ಮುಗಿಸಿ ನಮ್ಮ ಮನೆಗೆ ಬಂದರು. ದೇವರು ದೊಡ್ಡವನು, ಮಾತು ಹೋಗಲಿಲ್ಲ. ಕಾಲು ಕೂಡ ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು, ಎರಡು ತಿಂಗಳಲ್ಲಿ ದಾರಿಗೆ ಬಂತು. ಬಲಗೈ ಮಾತ್ರ ಹಾಗೇ ಉಳಿಯಿತು. ತೋಳು ಎತ್ತುತ್ತಿದ್ದರು, ಬೆರಳು ಅರ್ಧಕ್ಕೆ ಮಡಚುತ್ತಿದ್ದವು, ಹಿಡಿತ ಇರಲಿಲ್ಲ. ಹಿಚುಕಿ ಹಿಚುಕಿ ಅಭ್ಯಾಸ ಮಾಡಲಿ ಅಂತ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅತ್ತೆ ಅದನ್ನು ಎಡಗೈಯಲ್ಲಿ ಎತ್ತಿ ನನ್ನ ಮಗಳ ಕಡೆ ಉರುಳಿಸಿಬಿಟ್ಟರು.

“ತಗೊಳವ್ವ, ಆಡ್ಕೋ. ನಾನೇನ್ ಮಗಾನಾ?”

ಮಗಳಿಗೆ ಆಗ ಆರು ವರ್ಷ. ಅವಳು ಹುಟ್ಟಾ ಎಡಚಿ. ರಜೆಯಲ್ಲಿ ಊರಿಗೆ ಹೋದಾಗೆಲ್ಲ ಎಡಗೈಯಲ್ಲಿ ತುತ್ತು ಎತ್ತಿದರೆ ಅತ್ತೆ ಪಟ್ಟಂತ ಕೈಗೆ ಕೊಟ್ಟು, ಅದು ತೊಳೆಯೋ ಕೈ, ಉಣ್ಣೋ ಕೈ ಅಲ್ಲ ಅಂತ ತಿದ್ದಿದ್ದರು. ತಿದ್ದಿ ತಿದ್ದಿ ಅವಳು ಉಣ್ಣುವುದನ್ನು ಮಾತ್ರ ಬಲಗೈಗೆ ಬದಲಾಯಿಸಿಕೊಂಡಿದ್ದಳು. ಆಸ್ಪತ್ರೆಯಿಂದ ಬಂದ ವಾರದಲ್ಲಿ ಅತ್ತೆಯ ಎಡಗೈಗೆ ನಾನು ಚಮಚ ಕೊಟ್ಟು ತಟ್ಟೆಗೆ ಅನ್ನ ಸಾರು ಕಲಸಿ ಇಟ್ಟೆ. ಒಂದು ಚಮಚ ಬಾಯಿಗೆ ಹೋಗಿತ್ತು. ಎದುರಿಗೆ ಕೂತಿದ್ದ ಮಗಳು ಕಣ್ಣರಳಿಸಿ, “ಅಜ್ಜೀ, ಅದು ಕೊಳಕು ಕೈ!” ಅಂದಳು.

ಮಗು ತನಗೆ ಕಲಿಸಿದ್ದನ್ನೇ ಹೇಳಿತ್ತು. ಅತ್ತೆ ಚಮಚವನ್ನು ತಟ್ಟೆಯಲ್ಲಿ ಇಟ್ಟರು. “ನಿಜ ಕಣವ್ವ, ಮರ್ತುಬಿಟ್ಟಿದ್ದೆ,” ಅಂದರು. ಅವತ್ತಿಂದ ಅವರು ತಟ್ಟೆಯ ಮುಂದೆ ಕೂರಲಿಲ್ಲ.

ನಾನು ತುತ್ತು ಮಾಡಿ ತಿನ್ನಿಸಲು ಹೋದರೆ ಬಾಯಿ ಬಿಗಿಯುತ್ತಿದ್ದರು. ನಮ್ಮ ಯಜಮಾನರು ಹೋದರೆ ಎರಡು ತುತ್ತು, ಮೂರನೆಯದಕ್ಕೆ ಮುಖ ತಿರುಗಿಸುತ್ತಿದ್ದರು. ಹಸಿವಿಲ್ಲ, ಹೊಟ್ಟೆ ಭಾರ, ಆಮೇಲೆ ಉಣ್ತೀನಿ, ದಿನಕ್ಕೊಂದು ನೆಪ. ಲೋಟವನ್ನು ಎಡಗೈಯಲ್ಲಿ ಹಿಡಿದರೆ ತಪ್ಪಿಲ್ಲವಾದ್ದರಿಂದ ಅಂಬಲಿ ಕುಡಿಯುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಅಷ್ಟೇ. ರವಿಕೆಯ ತೋಳು ಸಡಿಲವಾಗಿ ಜೋತುಬಿತ್ತು. ಹೀಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿಸಿದರೆ ಅಪಾಯ ಅಂತ ಡಾಕ್ಟರು ಗದರಿದರು. ನಾನು ಮನೆಗೆ ಬಂದು ಅತ್ತೆಗೆ ಗದರಿದೆ. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಆಫೀಸು, ಮಗಳ ಸ್ಕೂಲು, ಕೋರದ ಕಡೆ ಅಕ್ಕಿ ಮಿಲ್ಲಿಗೆ ಬೆಳಗ್ಗೆ ಏಳಕ್ಕೇ ಹೊರಡುವ ಗಂಡ, ಇದೆಲ್ಲದರ ಮಧ್ಯೆ ಇವರದೊಂದು ಹಟ ಅಂತಲೇ ನನ್ನ ಲೆಕ್ಕ. “ನಿಮಗೇನಾದ್ರೂ ಆದ್ರೆ ಜನ ಅನ್ನೋದು ನನ್ನನ್ನೇ, ಅತ್ತೆ,” ಅಂದುಬಿಟ್ಟೆ ಒಂದು ದಿನ ಬೆಳಗ್ಗೆ.

ಅವತ್ತು ಮಧ್ಯಾಹ್ನ ತಲೆನೋವು ಅಂತ ಅರ್ಧ ದಿನ ರಜೆ ಹಾಕಿ ಬೇಗ ಬಂದೆ. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅತ್ತೆ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತಿದ್ದರು. ಮುಂದೆ ತಟ್ಟೆ, ತಟ್ಟೆಯಲ್ಲಿ ಬೆಳಗಿನ ಅನ್ನ. ಬಲಗೈಯನ್ನು ಎಡಗೈಯಿಂದ ಎತ್ತಿ ತಟ್ಟೆಗೆ ತಂದು, ಬೆರಳುಗಳನ್ನು ಒಂದೊಂದಾಗಿ ಮಡಚಿಕೊಂಡು, ನಾಲ್ಕು ಅಗುಳು ಎತ್ತಿ ಬಾಯಿಯ ಹತ್ತಿರ ತರುತ್ತಿದ್ದರು. ಬಾಯಿಗೆ ಮುಟ್ಟುವ ಮುಂಚೆ ಉದುರಿಹೋಗುತ್ತಿತ್ತು. ಮಡಿಲ ತುಂಬಾ ಅನ್ನ. ಮತ್ತೆ ಎತ್ತುತ್ತಿದ್ದರು.

ಅವರಿಗೆ ಹಸಿವಿತ್ತು. ಅಷ್ಟು ದಿನವೂ ಇತ್ತು.

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಕ್ಕೆ ಬಂದು ಮೆಟ್ಟಿಲ ಮೇಲೆ ಕೂತೆ. ಬೆಳಗ್ಗೆ ಆಡಿದ ಮಾತು ನೆನಪಾಗಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸುಮಾರು ಹೊತ್ತು ಬಿಟ್ಟು ಕೆಳಗಿಳಿದು, ಗೇಟನ್ನು ಬೇಕೆಂದೇ ಜೋರಾಗಿ ಬಡಿದು, ಅತ್ತೇ ಅಂತ ಕೂಗುತ್ತಾ ಹತ್ತಿ ಬಂದೆ. ಅಷ್ಟರಲ್ಲಿ ತಟ್ಟೆ ಸಿಂಕಿನಲ್ಲಿತ್ತು. ಅತ್ತೆ ಮಂಚದ ಮೇಲೆ ಕೂತು, “ಯಾಕವ್ವ, ಬಿರ್‌ನೆ ಬಂದೆ?” ಅಂದರು. ಸೆರಗಿನಲ್ಲಿ ಎರಡು ಅಗುಳು ಅಂಟಿದ್ದವು. ನಾನು ನೋಡದವಳ ಹಾಗೆ ಕಾಫಿಗೆ ಇಟ್ಟೆ.

ಆ ಭಾನುವಾರ ರೊಟ್ಟಿ ಮಾಡುತ್ತಿದ್ದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೇಸ್ತ್ರಿಕೆ ಮಾಡುತ್ತಿದ್ದರು. ಹಿಟ್ಟು ಗಟ್ಟಿಯಾಯ್ತು, ಸಬ್ಬಸಿಗೆ ಸಾಲ್ದು, ಅಂಚು ನೋಡು ಅಂಚು. ಒಲೆಯ ಮೇಲಿಟ್ಟ ನನ್ನ ರೊಟ್ಟಿ ನಡುವೆ ಹರಿಯಿತು. ಅವರಿಗೆ ತಡೆಯಲಾಗಲಿಲ್ಲ ಅಂತ ಕಾಣುತ್ತದೆ, ಎದ್ದು ಬಂದು, ಹರಿದಲ್ಲಿ ಮೆತ್ತಲು ಬಲಗೈಯನ್ನೇ ಚಾಚಿದರು. ಕೈ ತವೆಯ ಅಂಚಿಗೆ ಬಿತ್ತು. ಬಿದ್ದದ್ದನ್ನು ಅವರು ಎತ್ತಲೇ ಇಲ್ಲ. ಬಿಸಿ ಅವರಿಗೆ ತಡವಾಗಿ ಗೊತ್ತಾಯಿತು. ನಾನು ಕಿರುಚಿ ಕೈ ಎಳೆದೆ. ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು.

ಮಾರನೇ ವಾರ, ಬೊಬ್ಬೆ ಆರಿದ ಮೇಲೆ, ತಣ್ಣನೆಯ ತವೆಯನ್ನು ಅವರ ಮುಂದೆ ಇಟ್ಟು, “ನೀವೇ ತಟ್ಟಿ ಅತ್ತೆ, ಒಲೆ ಮೇಲೆ ನಾನಿಡ್ತೀನಿ,” ಅಂದೆ. ಎಡಗೈಯಿಂದ ದೂರ ತಳ್ಳಿದರು.

“ತಣ್ಣೀರ್ ತವಾ ನಿಂಗೆ ಕಣೇ. ನಂಗಲ್ಲ.”

ನನಗೆ ಆಗ ಹೊಳೆಯಿತು. ತವೆ ಅಂದಕೂಡಲೇ ಅವರು ತಮ್ಮ ಹಳೆಯ ಕೈಯ ಜೊತೆ ಪೈಪೋಟಿಗೆ ಬೀಳುತ್ತಾರೆ. ಸೋಲುವುದು ಖಚಿತ ಅಂತ ಅವರಿಗೂ ಗೊತ್ತು. ಅವರು ಯಾವತ್ತೂ ಮಾಡದಿದ್ದದ್ದು, ಯಾರ ಎದುರೂ ಗೆಲ್ಲದಿದ್ದದ್ದು ಬೇಕು. ಓವನ್ನಿನಿಂದ ಶಾವಿಗೆ, ಮೆಣಸಿನಕಾಯಿ, ಏಲಕ್ಕಿ ಎಲ್ಲ ತೆಗೆದು ಒರೆಸಿದೆ. ಕೇಕಿನ ದುಂಡು ತಟ್ಟೆಗೆ ಎಣ್ಣೆ ಸವರಿ, ಈರುಳ್ಳಿ ಸಬ್ಬಸಿಗೆ ಹಾಕಿ ಕಲಸಿದ ರಾಗಿ ಹಿಟ್ಟಿನ ಉಂಡೆಯನ್ನು ಅದರ ನಡುವೆ ಇಟ್ಟು, ತಟ್ಟೆಯನ್ನು ಮಣೆಯ ಮೇಲೆ ಇರಿಸಿದೆ.

“ಇದ್ರಾಗೆ ರೊಟ್ಟಿನಾ? ನಿನ್ ತಲೆ.”

“ಬಂದ್ರೆ ಬರುತ್ತೆ, ಇಲ್ದಿದ್ರೆ ಬಾಗಿಲ ಸಂದಿಗೆ ಇಡೋಣ,” ಅಂದೆ.

ಅವರಿಗೆ ನಗು ಬಂತು. ಲಕ್ವ ಹೊಡೆದ ಮೇಲೆ ಮೊದಲ ಸಲ ನಕ್ಕಿದ್ದು. ನಾನು ಅಲ್ಲಿ ನಿಲ್ಲದೆ ಬಟ್ಟೆ ಒಗೆಯುವ ನೆಪದಲ್ಲಿ ತಾರಸಿಗೆ ಹೋದೆ. ಬಟ್ಟೆಗಳನ್ನು ಎಷ್ಟು ಸಲ ಜಾಲಿಸಿದೆನೋ ನನಗೇ ಗೊತ್ತಿಲ್ಲ. ಇಳಿದು ಬಂದು ಕಿಟಕಿಯಿಂದ ಇಣುಕಿದರೆ, ಬಲಗೈಯನ್ನು ಹಿಟ್ಟಿನ ಮೇಲಿಟ್ಟು, ಎಡಗೈಯನ್ನು ಅದರ ಮೇಲಿಟ್ಟು ಒತ್ತುತ್ತಿದ್ದರು. ಒತ್ತುವುದು, ನಿಲ್ಲಿಸುವುದು, ಉಸಿರು ಬಿಡುವುದು, ಬಟ್ಟಲಿಗೆ ಕೈ ಅದ್ದುವುದು. ಹಿಟ್ಟು ಒಣಗುತ್ತಾ ಬಂದರೆ ನೀರು ಚಿಮುಕಿಸುತ್ತಿದ್ದರು. ತಟ್ಟೆ ತಣ್ಣಗಿತ್ತು, ಅದಕ್ಕೆ ಅವಸರವಿರಲಿಲ್ಲ. ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಒಂದು ಕಡೆ ದಪ್ಪ, ಒಂದು ಕಡೆ ತೆಳು. ನಡುವೆ ಅವರ ಅಂಗೈ ಒತ್ತಿದ ಹಳ್ಳ.

ಓವನ್ ಹಾಕಿದೆವು. ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಆ ವರ್ಷಗಳಲ್ಲಿ ಕರೆಂಟು ಹೇಳಿ ಹೋಗುತ್ತಿರಲಿಲ್ಲ, ಕೇಳಿ ಬರುತ್ತಿರಲಿಲ್ಲ. ನಾನು ಕೆಇಬಿಯವರಿಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಅತ್ತೆ ಓವನ್ ಪಕ್ಕವೇ ಕೂತು ಗಾಜಿನೊಳಗೆ ನೋಡುತ್ತಿದ್ದರು. ಕರೆಂಟ್ ಬಂದು ಮತ್ತೆ ಕಾದು, ಮೇಲೆ ಮಾತ್ರ ಬೆಂದು ತಳ ಹಸಿ ಇದ್ದದ್ದರಿಂದ ಮಗುಚಿ ಹಾಕಿ, ಎಲ್ಲ ಮುಗಿದಾಗ ರೊಟ್ಟಿ ಅನ್ನುವುದು ಸೆಟೆದು ಒಣಗಿ ಹೋಗಿತ್ತು. ಮಡಚಲು ಹೋದೆ, ಪಟ್ ಅಂತ ಮುರಿಯಿತು. ನನ್ನ ಮುಖ ಸಪ್ಪಗಾಯಿತು. ಮೆತ್ತಗೆ ಬರಲಿ ಅಂತ ನಾನು ಹರಕೆ ಹೊರುವುದೊಂದು ಬಾಕಿ ಇತ್ತು.

ಮುರಿದ ತುಂಡು ತಟ್ಟೆಯಲ್ಲಿತ್ತು. ಅತ್ತೆ ಬಲಗೈಯನ್ನು ಅದರ ಮೇಲೆ ತಂದರು. ಹೆಬ್ಬೆರಳು ಮತ್ತು ತೋರುಬೆರಳಿನ ಬದಿ, ಇವೆರಡರ ಸಂದಿಯಲ್ಲಿ ಆ ತುಂಡು ಸಿಕ್ಕಿಕೊಂಡಿತು. ಅನ್ನ ಉದುರುತ್ತದೆ, ಮುದ್ದೆ ಜಾರುತ್ತದೆ, ತವೆಯ ರೊಟ್ಟಿಯನ್ನು ಹರಿಯಲು ಬೆರಳಲ್ಲಿ ಬಲ ಬೇಕು. ಈ ಒಣಕಲು ರೊಟ್ಟಿಗೆ ಏನೂ ಬೇಕಿರಲಿಲ್ಲ, ಹಿಡಿದರೆ ಸಾಕು ನಿಲ್ಲುತ್ತಿತ್ತು. ತುಂಡು ನಡುಗುತ್ತಾ ಚಟ್ನಿಗೆ ಹೋಯಿತು, ಅಲ್ಲಿಂದ ಬಾಯಿಗೆ ಹೋಯಿತು. ಕುರುಕುರು ಅಂತ ಅಗಿಯುವ ಸದ್ದು ಕೇಳಿತು.

ನಮ್ಮ ಯಜಮಾನರು ಬಾಯಿ ತೆರೆದು ನೋಡುತ್ತಿದ್ದರು. ನಾನು ಅವರ ಕಾಲನ್ನು ಮೆಲ್ಲಗೆ ತುಳಿದು, ಪೇಪರ್ ಓದಿ ಅಂತ ಸನ್ನೆ ಮಾಡಿದೆ. ಅವರು ಪೇಪರನ್ನು ತಲೆಕೆಳಗಾಗಿ ಹಿಡಿದುಕೊಂಡರು. ಅತ್ತೆ ಇಡೀ ರೊಟ್ಟಿ ತಿಂದರು. ತಿಂದು, “ಉಪ್ಪು ಕಮ್ಮಿ,” ಅಂದರು.

ಅಲ್ಲಿಂದ ದಿನಾ ಎರಡು ರೊಟ್ಟಿ. ನಾನು ಆಫೀಸಿಗೆ ಹೊರಡುವ ಮುಂಚೆ ಹಿಟ್ಟು ಕಲಸಿ ಇಟ್ಟುಹೋಗುವುದು, ಅವರು ತಟ್ಟುವುದು, ಮಧ್ಯಾಹ್ನ ಕೆಳಗಿನ ಓನರಮ್ಮ ಬಂದು ಸ್ವಿಚ್ ಹಾಕಿ ಮಗುಚಿ ಕೊಡುವುದು. ಹೌದು, ಟೀವಿಯ ಓನರಮ್ಮನೇ. ವೋಲ್ಟೇಜಿಗೆ ಜಗಳ ಕಾಯಲು ಮೆಟ್ಟಿಲು ಹತ್ತಿ ಬಂದವರು, ಅತ್ತೆ ತಟ್ಟುವುದನ್ನು ಬಾಗಿಲಲ್ಲೇ ನಿಂತು ನೋಡಿ, ಜಗಳ ಮರೆತು ಒಳಗೆ ಬಂದು ಕೂತಿದ್ದರು. ರುಚಿಯ ವಿಷಯದಲ್ಲಿ ಸುಳ್ಳು ಹೇಳಬಾರದು. ತವೆಯ ರೊಟ್ಟಿಯ ಹತ್ತಿರಕ್ಕೂ ಅದು ಬರುತ್ತಿರಲಿಲ್ಲ. ಅತ್ತೆಗೂ ಗೊತ್ತಿತ್ತು. “ನಾಯಿಗೆ ಹಾಕಿದ್ರೆ ಹೂತಿಡ್ತದೆ,” ಅಂತ ತಾವೇ ಆಡಿಕೊಳ್ಳುತ್ತಿದ್ದರು. ಆದರೆ ಇನ್ನೊಬ್ಬರು ಆಡಿಕೊಂಡರೆ ಸೇರುತ್ತಿರಲಿಲ್ಲ.

ಇದರ ನಡುವೆ ನಾನೊಂದು ಎಡವಟ್ಟು ಮಾಡಿದೆ. ಒಂದು ರಜೆಯ ದಿನ ಅವರು ತಟ್ಟಿಟ್ಟು ಸ್ನಾನಕ್ಕೆ ಹೋಗಿದ್ದರು. ರೊಟ್ಟಿ ಒಂದು ಕಡೆ ತೀರಾ ದಪ್ಪ, ಅಲ್ಲಿ ಹಸಿಯಾಗಿಯೇ ಉಳಿಯುತ್ತದಲ್ಲ ಅಂತ ಕೈ ಒದ್ದೆ ಮಾಡಿಕೊಂಡು ನಾಲ್ಕು ಸಲ ಸವರಿ ಸಮ ಮಾಡಿದೆ. ಅಂಚನ್ನೂ ದುಂಡಗೆ ತಿದ್ದಿದೆ. ಒಳ್ಳೆಯದನ್ನೇ ಮಾಡಿದೆ ಅಂತ ಓವನ್ನಿಗೆ ಇಟ್ಟೆ. ಬೆಂದು ಹೊರಗೆ ಬಂದ ರೊಟ್ಟಿಯನ್ನು ಅತ್ತೆ ಒಂದು ಕ್ಷಣ ನೋಡಿದರು.

“ನನ್ ರೊಟ್ಟಿ ಯಾರು ಮುಟ್ಟಿದ್ದು?”

“ಒಂಚೂರು ದಪ್ಪ ಇತ್ತು ಅತ್ತೆ, ಅದಕ್ಕೇ...”

“ದಪ್ಪ ಇದ್ರೆ ಇರ್ತದೆ. ನಿಂದು ನೀನು ತಿನ್ನು.” ತಟ್ಟೆಯನ್ನು ನನ್ನ ಕಡೆ ನೂಕಿ ಎದ್ದುಹೋದರು.

ಅವತ್ತು ಅವರು ಉಣ್ಣಲಿಲ್ಲ. ನಾಳೆಯಿಂದ ತಟ್ಟುವುದೂ ಇಲ್ಲ ಅಂದುಬಿಟ್ಟರೆ ಏನು ಗತಿ ಅಂತ ನನಗೆ ಜೀವ ಬಾಯಿಗೆ ಬಂದಿತ್ತು. ಸಂಜೆ ಅವರ ಮಂಚದ ಹತ್ತಿರ ಹೋಗಿ, “ತಪ್ಪಾಯ್ತು ಅತ್ತೆ. ಇನ್ಮೇಲೆ ಮುಟ್ಟಲ್ಲ,” ಅಂದೆ. ಅತ್ತೆ ಅಂತ ಕರೆಯಲು ಶುರುಮಾಡಿ ಅಷ್ಟು ವರ್ಷವಾಗಿದ್ದರೂ ನಾನು ಅವರಲ್ಲಿ ತಪ್ಪಾಯ್ತು ಅಂದದ್ದು ಅದೇ ಮೊದಲು. ಅವರು ನನ್ನ ಕಡೆ ತಿರುಗದೆ, “ನಾಳೆ ಹಿಟ್ಟಿಗೆ ವಸಿ ಕಾಯ್ತುರಿ ಹಾಕು,” ಅಂದರು. ನಾನು ಒಂದಿಡೀ ತೆಂಗಿನಕಾಯಿ ತುರಿದೆ.

ಐದಾರು ತಿಂಗಳಾಗುವ ಹೊತ್ತಿಗೆ ಕೈಯ ಹಳ್ಳ ಕಾಣದಷ್ಟು ರೊಟ್ಟಿ ಸಮವಾಯಿತು. ಎಡಗೈ ಆಸರೆ ಇಲ್ಲದೆ ಬಲಗೈ ಅಷ್ಟಿಷ್ಟು ಒತ್ತುತ್ತಿತ್ತು. ಅವರ ಮೈಯೂ ತುಂಬಿಕೊಂಡಿತು. ಮನೆಯಲ್ಲಿ ನಮ್ಮ ಮೂವರ ಎದುರು ತಟ್ಟೆ ಇಟ್ಟುಕೊಂಡು ಕೂರುತ್ತಿದ್ದರು. ಹೊರಗಿನವರು ಯಾರೇ ಬಂದರೂ, ಕೊನೆಗೆ ಓನರಮ್ಮ ಬಂದರೂ, ತಟ್ಟೆ ಮಂಚದ ಕೆಳಗೆ ಹೋಗುತ್ತಿತ್ತು. ನೆಂಟರ ಮದುವೆ, ನಾಮಕರಣ ಅಂತ ಕರೆಯೋಲೆ ಬಂದರೆ ನಮ್ಮನ್ನು ಕಳಿಸಿ ತಾವು ಉಳಿಯುತ್ತಿದ್ದರು.

ಅಷ್ಟರಲ್ಲಿ ಅವರ ತಮ್ಮ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಅವರೇ ಖುದ್ದು ಬಟವಾಡಿಗೆ ಬಂದು ಕರೆದರು. ಅತ್ತೆ ಕಾಲುನೋವು ಅಂದರು, ಬಸ್ಸು ಆಗಲ್ಲ ಅಂದರು. ಆ ಮನುಷ್ಯ ಎದ್ದು ನಿಂತು, “ಅಕ್ಕ, ನೀನು ಬರ್ದಿದ್ರೆ ನಾನು ಹಾಲುಕ್ಕಿಸಲ್ಲ. ಮನೆ ಹಂಗೇ ಇರ್ಲಿ ಬುಡು,” ಅಂದು ಹೊರಟೇಹೋದರು. ತಮ್ಮನ ಮಾತನ್ನು ಅತ್ತೆ ತೆಗೆದುಹಾಕುವ ಹಾಗಿರಲಿಲ್ಲ. ಹೊರಡುವ ಹಿಂದಿನ ದಿನ ನನ್ನನ್ನು ಕರೆದು, “ಪೂಜೆ ನೋಡ್ಕೊಂಡು ಬರಾನ. ಊಟಕ್ಕೆ ಕರೆದ್ರೆ ನಂಗೆ ಇವತ್ತು ಉಪವಾಸ ಅಂತ ನೀನೂ ಹೇಳ್ಬೇಕು,” ಅಂದರು. ಹೂಂ ಅಂದೆ. ಬೆಳಗ್ಗೆ ಅವರು ತಟ್ಟಿದ ಎರಡು ರೊಟ್ಟಿಯನ್ನು ಸ್ಟೀಲ್ ಡಬ್ಬಕ್ಕೆ ಹಾಕಿ, ಅವರಿಗೆ ಕಾಣದ ಹಾಗೆ ನನ್ನ ಬ್ಯಾಗಿನ ತಳದಲ್ಲಿ ಇಟ್ಟುಕೊಂಡೆ.

ಪೂಜೆ ಮುಗಿಯಿತು. ಮನೆಯವರ ಪಂಕ್ತಿಗೆ ಹೊಸ ಹಾಲಿನಲ್ಲಿ ಉದ್ದಕ್ಕೆ ಚಾಪೆ ಹಾಸಿ ಎಲೆ ಹಾಕಿದರು. ಸಾಲಿನ ಮೊದಲ ಎಲೆ ಹಿರಿಯರದು, ಅಂದರೆ ಅತ್ತೆಯದು. ಉಪವಾಸ ಅಂತ ಅವರು ಹೇಳುತ್ತಿದ್ದಂತೆ ತಮ್ಮ ಕೈಮುಗಿದು ನಿಂತುಬಿಟ್ಟರು. ಅಕ್ಕ ಎಲೆ ಮುಂದೆ ಕೂತ್ರೆ ಸಾಕು, ಉಣ್ಣದಿದ್ರೂ ಪರವಾಗಿಲ್ಲ ಅಂದರು. ಅತ್ತೆ ನನ್ನ ಕಡೆ ನೋಡಿದರು. ನಾನು ಉಪವಾಸದ ಮಾತು ಎತ್ತಲಿಲ್ಲ. ಮಣೆ ತಂದು ಹಾಕಿ, ಅವರನ್ನು ಕೂರಿಸಿ, ಪಕ್ಕದ ಎಲೆಗೆ ನಾನು ಕೂತೆ.

ಪಲ್ಯ, ಕೋಸಂಬರಿ, ಅನ್ನ, ಪಾಯಸ ಎಲ್ಲ ಬಂತು. ಎಲ್ಲರೂ ಕಲಸಲು ಶುರುಮಾಡಿದರು. ಅತ್ತೆ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಎಲೆಯನ್ನೇ ನೋಡುತ್ತಾ ಕೂತಿದ್ದರು. ನಾನು ಡಬ್ಬ ತೆಗೆದು ಎರಡೂ ರೊಟ್ಟಿಯನ್ನು ಅವರ ಎಲೆಯ ಮೇಲೆ ಇಟ್ಟೆ. ಅವರ ಕಣ್ಣು ಕೆಂಪಗಾಯಿತು. ಮನೆಗೆ ಹೋಗಿ ನನ್ನ ಗ್ರಹಚಾರ ಬಿಡಿಸುತ್ತಾರೆ ಅಂತ ಖಾತ್ರಿಯಾಯಿತು. ಹಬ್ಬದ ಎಲೆಯ ಮೇಲೆ ಆ ಕಪ್ಪು ರೊಟ್ಟಿ ನೋಡಿ ಸಾಲಿನಲ್ಲಿ ಪಿಸುಪಿಸು ಆಯಿತು. ನಾನು ತಲೆ ತಗ್ಗಿಸಿ ಉಣ್ಣತೊಡಗಿದೆ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಪಟ್ ಅಂತ ರೊಟ್ಟಿ ಮುರಿದ ಸದ್ದಾಯಿತು.

ಅತ್ತೆ ನಿಧಾನಕ್ಕೆ ತಿಂದರು. ಒಂದೊಂದು ತುಂಡೂ ಬೆರಳ ಸಂದಿಗೆ ಸಿಕ್ಕಬೇಕು, ಪಲ್ಯಕ್ಕೆ ಹೋಗಬೇಕು, ಬಾಯಿಗೆ ಬರಬೇಕು. ಎರಡು ತುಂಡು ಕೈತಪ್ಪಿ ಮಡಿಲಿಗೆ ಬಿದ್ದವು, ಅವನ್ನೂ ಎತ್ತಿಕೊಂಡರು. ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಇಡೀ ಸಾಲಿನ ಊಟ ಮುಗಿದಿತ್ತು. ಗೋಡೆಗೆ ಒರಗಿ ಎರಡನೇ ಪಂಕ್ತಿಯವರು ಕಾಯುತ್ತಾ ನಿಂತಿದ್ದರು, ಮಕ್ಕಳು ಹಸಿವು ಅಂತ ರಂಪ ಮಾಡುತ್ತಿದ್ದವು. ನಮ್ಮ ಕಡೆ ಮೊದಲ ಎಲೆಯ ಹಿರಿಯರು ಏಳುವ ತನಕ ಸಾಲಿನಲ್ಲಿ ಯಾರೂ ಏಳಬಾರದು. ಎದ್ದರೆ ಅವರ ಊಟಕ್ಕೆ ಅವಮಾನ. ಕೊನೆಯಲ್ಲಿ ಯಾರೋ ಒಬ್ಬರು ಮೊಣಕಾಲೂರಿ ಏಳಲು ಹೋದರು. ಸಾಲಿನಲ್ಲೇ ಕೂತಿದ್ದ ಅತ್ತೆಯ ತಮ್ಮ ಬರೀ ಕಣ್ಣಲ್ಲೇ ಅವರನ್ನು ಕೂರಿಸಿದರು. ಆಮೇಲೆ, “ಇಲ್ಲೊಂಚೂರು ಮಜ್ಜಿಗೆ ಹಾಕ್ರಪ್ಪ,” ಅಂದರು. ಪಕ್ಕದವರೂ ಮಜ್ಜಿಗೆ ಕೇಳಿದರು. ಆಮೇಲಿನವರು ಒಂದು ಅಗುಳು ಅನ್ನ ಹಾಕಿಸಿಕೊಂಡು ಅದನ್ನೇ ಎಲೆಯ ಮೇಲೆ ಅತ್ತ ಇತ್ತ ಆಡಿಸತೊಡಗಿದರು. ಖಾಲಿ ಎಲೆಯಲ್ಲಿ ಬೆರಳಾಡಿಸುತ್ತಾ ಇಪ್ಪತ್ತು ಜನ ಉಣ್ಣುವ ನಾಟಕ ಮಾಡಿದರು. ಅತ್ತೆಯ ಕಡೆ ಯಾರೊಬ್ಬರೂ ನೋಡಲಿಲ್ಲ. ನನ್ನ ಎಲೆ ಕಣ್ಣೀರಿಗೆ ಮಸುಕಾಗಿ ಕಾಣುತ್ತಿತ್ತು.

ಎರಡನೆಯ ರೊಟ್ಟಿಯ ಕೊನೆಯ ತುಂಡನ್ನೂ ಬಾಯಿಗಿಟ್ಟು ಅತ್ತೆ ತಲೆ ಎತ್ತಿದರು. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಎಂಜಲು ಒಣಗಿದ ಕೈಗಳು, ಖಾಲಿ ಎಲೆಗಳು ಅವರಿಗೆ ಕಂಡವು. ಬಾಯಿಯಲ್ಲಿದ್ದದ್ದನ್ನು ಅಗಿಯುವುದು ನಿಲ್ಲಿಸಿದರು. ಆಮೇಲೆ ನುಂಗಿ, ಗಂಟಲು ಸರಿಮಾಡಿಕೊಂಡು, ತೋಟದಲ್ಲಿ ಕೆಲಸದವರನ್ನು ಕೂಗುತ್ತಿದ್ದ ಅದೇ ದನಿಯಲ್ಲಿ ಹೇಳಿದರು.

“ಏಳ್ರಪ್ಪ, ಏಳಿ. ನಂದು ಉಂಡಾಯ್ತು.”

ಸಾಲೆಲ್ಲ ಎದ್ದಿತು. ನಾನೂ ಎದ್ದು, ಅವರನ್ನು ಎಬ್ಬಿಸಲು ಎಂದಿನಂತೆ ಅವರ ಎಡಕ್ಕೆ ಬಂದು ಬಗ್ಗಿದೆ. ಕಾಯಿಲೆಯಾದಾಗಿಂದ ನಾನು ಹಿಡಿದೆತ್ತುತ್ತಿದ್ದುದು ಎಡಗೈಯನ್ನೇ. ಅವರು ಅದನ್ನು ನೆಲಕ್ಕೆ ಊರಿಕೊಂಡು ಬಲಗೈಯನ್ನು ನನ್ನ ಕಡೆ ಚಾಚಿದರು. ಪಲ್ಯ, ಎಣ್ಣೆ ಮೆತ್ತಿದ ಎಂಜಲು ಕೈ. ನನ್ನದೂ ಎಂಜಲೇ. ನಾನು ಹಿಡಿದುಕೊಂಡೆ. ಅವರ ಬೆರಳುಗಳು ನನ್ನ ಕೈಯನ್ನು ಹಿಡಿದವು.